ಸಿಂಕಿನ ಕೆಳಗಿನ ನೀರು

ಜತ್ತ ತಾಲ್ಲೂಕಿನ ಅಸಂಗಿಯ ನಮ್ಮ ಮನೆಯಲ್ಲೂ ಜಿರಳೆ ಇಲ್ಲವೆಂದಲ್ಲ. ಮಳೆಗಾಲದಲ್ಲಿ ಬಚ್ಚಲ ಮೋರಿಯಿಂದ ಒಂದೋ ಎರಡೋ ಮೇಲೆ ಬರುತ್ತವೆ, ಸುಮಾರು 4 ಸೆಂಟಿಮೀಟರ್ ಉದ್ದದ ಕೆಂಗಂದು ಬಣ್ಣದವು. ಪೊರಕೆಯಿಂದ ಹೊಡೆದು ಅಂಗಳಕ್ಕೆ ಎಸೆದರೆ ಕೋಳಿ ಬಂದು ತಿಂದುಹಾಕುತ್ತದೆ. ಮಕ್ಕಳ ಶಾಲೆಗೆಂದು ಸಾಂಗ್ಲಿಯಲ್ಲಿ ಫ್ಲ್ಯಾಟ್ ಹಿಡಿದ ಮೇಲೆ ಅಡುಗೆಮನೆಯಲ್ಲಿ ಕಂಡದ್ದು ಬೇರೆಯೇ ಜಾತಿ. ಒಂದೂವರೆ ಸೆಂಟಿಮೀಟರ್ ದಾಟದ, ತಿಳಿ ಕಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುವ ಜಿರಳೆ. ದೊಡ್ಡದು ಹೊರಗಿನಿಂದ ಬರುವಂಥದ್ದು, ಮೋರಿಗೆ ಜಾಳಿಗೆ ಹಾಕಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಚಿಕ್ಕದು ನಮ್ಮ ಕಪಾಟಿನಲ್ಲೇ ಹುಟ್ಟಿ ಅಲ್ಲೇ ಸಂಸಾರ ಹೂಡುವಂಥದ್ದು. ಯಾವುದು ಬಂದಿದೆ ಎಂದು ಮೊದಲು ನೋಡಿಕೊಳ್ಳಿ, ಉಪಾಯ ಅದರ ಮೇಲೆ ನಿಂತಿದೆ.

ಈ ಚಿಕ್ಕ ಜಾತಿಗೆ ಜರ್ಮನ್ ಜಿರಳೆ ಎಂಬ ಹೆಸರು ಬಿದ್ದದ್ದು 1767ರಲ್ಲಿ, ವಿಜ್ಞಾನಿ ಲಿನೇಯಸ್‌ನಿಂದ. ಅದರ ಮೂಲ ಮಾತ್ರ ನಮ್ಮ ಕಡೆಯದೇ. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಭಾಗದಲ್ಲಿ ಒಂದು ಕಾಡು ಜಿರಳೆ ಮನುಷ್ಯರ ಮನೆಗೆ ಒಗ್ಗಿಕೊಂಡು ಈ ಜಾತಿ ಹುಟ್ಟಿತೆಂದು 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳುತ್ತದೆ. ಈಗ ಅದಕ್ಕೆ ಕಾಡಿಲ್ಲ, ಹೊಲವಿಲ್ಲ, ಮನುಷ್ಯ ಕಟ್ಟಿದ ಸೂರು ಬಿಟ್ಟು ಬೇರೆ ನೆಲೆಯೇ ಇಲ್ಲ. ನನಗೆ ಧೈರ್ಯ ಕೊಟ್ಟದ್ದು ಈ ವಿಷಯವೇ. ನಾವು ಕೊಟ್ಟದ್ದರ ಮೇಲೆ ಮಾತ್ರ ಬದುಕುವ ಹುಳವಾದರೆ, ಕೊಡುವುದನ್ನು ನಿಲ್ಲಿಸುವುದು ನಮ್ಮ ಕೈಯಲ್ಲೇ ಇದೆ.

ಒಂದು ಮಧ್ಯಾಹ್ನ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ಕಳಚಿಸಿ ನೋಡಿದೆ. ಬಿಜಾಗರಿಯ ಸಂದಿಯಲ್ಲಿ ಮೆಣಸಿನ ಪುಡಿ ಉದುರಿದಂತೆ ಕಪ್ಪು ಹಿಕ್ಕೆ. ಅದರ ಹಿಂದೆ ಒಂದು ಹೆಣ್ಣು, ಹೊಟ್ಟೆಯ ತುದಿಗೆ ಕಂದು ಬಣ್ಣದ ಮೊಟ್ಟೆಚೀಲ ಅಂಟಿಕೊಂಡಿತ್ತು. ಅಂಥ ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ. ಮರಿ ಹೊರಬರುವ ಹೊತ್ತಿನವರೆಗೂ ತಾಯಿ ಅದನ್ನು ಹೊತ್ತುಕೊಂಡೇ ತಿರುಗುತ್ತದೆ. ಬೆಚ್ಚಗಿನ ಅಡುಗೆಮನೆಯಲ್ಲಿ ಮೊಟ್ಟೆ ಬಲಿತ ಜಿರಳೆಯಾಗಲು ಎರಡು ಮೂರು ತಿಂಗಳು ಸಾಕು. ಹಗಲಿನಲ್ಲೇ ಕಟ್ಟೆಯ ಮೇಲೆ ಓಡಾಡುತ್ತಿವೆ ಎಂದರೆ ಒಳಗೆ ಜಾಗ ಸಾಲದಷ್ಟು ತುಂಬಿವೆ ಎಂದೇ ತಿಳಿಯಬೇಕು.

ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರವರಿಗೆ ತೋಚಿದ್ದು ಮಾಡುತ್ತಿದ್ದರು. ಒಬ್ಬರು ಹಿಟ್ ಹೊಡೆದರೆ ಇನ್ನೊಬ್ಬರು ಲಕ್ಷ್ಮಣರೇಖೆ ಎಳೆಯುವರು. ಒಂದು ಕಂಪನಿಯವರು ಬಂದು ಮೂರನೇ ಮಹಡಿಯ ಒಂದೇ ಮನೆಗೆ ಔಷಧ ಸಿಂಪಡಿಸಿ ಹೋದರು. ಪೈಪುಗಳು ಇಳಿಯುವ ಡಕ್ಟ್ ಹಿಡಿದು ಆ ಮನೆಯ ಜಿರಳೆಗಳೆಲ್ಲ ಅಕ್ಕಪಕ್ಕದ ಮನೆಗಳಿಗೆ ಬಂದವು. ಸ್ಪ್ರೇ ತಾಗಿದ್ದು ಸಾಯುತ್ತದೆ, ತಾಗದ್ದು ವಾಸನೆಗೆ ಚದುರುತ್ತದೆ, ಚೀಲದೊಳಗಿನ ಮೊಟ್ಟೆಗೆ ಏನೂ ಆಗುವುದಿಲ್ಲ. ಈ ಔಷಧಗಳಿಗೆ ಒಗ್ಗಿಹೋದ ಜಿರಳೆಗಳೂ ಜಗತ್ತಿನ ಎಲ್ಲ ಕಡೆ ಇವೆ.

ದಾರಿ ತೋರಿದ್ದು ಅತ್ತೆ. ಅವರು ಅಸಂಗಿಯಿಂದ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಜಿರಳೆಯಲ್ಲ, ಸಿಂಕಿನ ಕೆಳಗೆ ಹನಿಯುತ್ತಿದ್ದ ನೀರು. "ಹನಿ ಹನಿ ಸೋರಾಕತ್ತೈತಿ ನೋಡವಾ, ನಾಳೆ ಮೊದಲ ಅದನ್ನ ಬಂದ್ ಮಾಡಸ್ರಿ" ಅಂದರು. ಜತ್ತ ತಾಲ್ಲೂಕಿನ ಬರಗಾಲಗಳನ್ನು ಕಂಡವರು, ಟ್ಯಾಂಕರ್ ಬರುವ ದಾರಿ ಕಾಯ್ದವರು ಅವರು. ಅವರ ಅಡುಗೆಮನೆಯಲ್ಲಿ ರಾತ್ರಿ ಒಂದು ಹನಿ ನೀರು ತೆರೆದಿರುವುದಿಲ್ಲ. ಮುಸುರೆ ತಿಕ್ಕಿ, ಪಾತ್ರೆ ಬೋರಲು ಹಾಕಿ, ಬ್ಯಾರಲ್ಲಿಗೆ ಮುಚ್ಚಳ ಹಾಕಿಯೇ ಮಲಗುವುದು.

ಚಿಕ್ಕ ಜಿರಳೆ ಅನ್ನವಿಲ್ಲದೆ ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಎರಡು ವಾರ ದಾಟುವುದು ಕಷ್ಟ. ಹಿಟ್ಟಿನ ಡಬ್ಬಿ ಎಷ್ಟು ಬಿಗಿಯಾಗಿ ಮುಚ್ಚಿದರೂ ನೀರು ಸಿಗುತ್ತಿದ್ದರೆ ಅದಕ್ಕೆ ಸೋಪಿನ ಚೂರು, ಎಣ್ಣೆ ಜಿಡ್ಡು, ರಟ್ಟಿನ ಅಂಟು ಸಾಕಾಗುತ್ತದೆ. ಪ್ಲಂಬರನನ್ನು ಕರೆಸಿ ಸಿಂಕಿನ ಪೈಪು ಬದಲಾಯಿಸಿದೆವು, ಪೈಪು ಗೋಡೆ ಹೊಗುವ ತೂತಿಗೆ ಎಂ-ಸೀಲ್ ತುಂಬಿದೆವು. ಫ್ರಿಜ್ಜಿನ ಹಿಂದೆ ಕಂಪ್ರೆಸರಿನ ಮೇಲೆ ನೀರು ಬೀಳುವ ಒಂದು ಟ್ರೇ ಇರುತ್ತದೆ, ಅದನ್ನು ನೋಡುವವರೇ ಕಡಿಮೆ. ಬೆಚ್ಚಗಿನ ಕತ್ತಲು, ಪಕ್ಕದಲ್ಲೇ ನೀರು. ಅಲ್ಲಿದ್ದಷ್ಟು ಮರಿಗಳು ಮತ್ತೆಲ್ಲೂ ಇರಲಿಲ್ಲ. ಮಲಗುವ ಮುಂಚೆ ಸಿಂಕನ್ನು ಬಟ್ಟೆಯಿಂದ ಒರೆಸಿ ಒಣಗಿಸುವುದು, ಒದ್ದೆ ಅರಿವೆಯನ್ನು ಗ್ಯಾಲರಿಯಲ್ಲಿ ಹರವುವುದು ಮನೆಯ ರೂಢಿಯಾಯಿತು.

ರಟ್ಟಿನ ಪೆಟ್ಟಿಗೆಗಳ ಮಾತನ್ನೂ ಹೇಳಬೇಕು. ಜತ್ತ ಕಡೆಯವರ ಮನೆಯಲ್ಲಿ ದಾಳಿಂಬೆ, ದ್ರಾಕ್ಷಿಯ ಖಾಲಿ ಪೆಟ್ಟಿಗೆಗಳಿಗೆ ಬರವಿಲ್ಲ, ಬಿಸಾಡಲು ಮನಸ್ಸೂ ಬರುವುದಿಲ್ಲ. ಆ ರಟ್ಟಿನ ಪದರಗಳ ನಡುವಿನ ಸಂದು ಜಿರಳೆಗೆ ಹೇಳಿ ಮಾಡಿಸಿದ ಜಾಗ. ಪೆಟ್ಟಿಗೆಗಳೆಲ್ಲ ರದ್ದಿಗೆ ಹೋದವು, ಸಾಮಾನು ಸ್ಟೀಲ್ ಡಬ್ಬಿಗೆ ಬಂತು.

ಔಷಧ ಬೇಡವೆಂದು ಹೇಳುತ್ತಿಲ್ಲ. ಸಿರಿಂಜಿನಲ್ಲಿ ಬರುವ ಜೆಲ್ ಒಳ್ಳೆಯದು. ಅದನ್ನು ಜೋಳದ ಕಾಳಿಗಿಂತ ದೊಡ್ಡದಾಗದಂತೆ ಬಿಜಾಗರಿ, ಫ್ರಿಜ್ಜಿನ ಹಿಂಬದಿ, ಗ್ಯಾಸ್ ಕಟ್ಟೆಯ ಕೆಳಗಿನ ಸಂದುಗಳಲ್ಲಿ ಮಕ್ಕಳ ಕೈಗೆ ಎಟುಕದ ಹಾಗೆ ಇಡಬೇಕು. ತಿಂದದ್ದು ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬಾರದು, ಲಕ್ಷ್ಮಣರೇಖೆ ಎಳೆಯಬಾರದು. ಆ ವಾಸನೆಗೆ ಅವು ಹತ್ತಿರವೇ ಸುಳಿಯವು. ಮೊಟ್ಟೆ ಒಡೆಯಲು ಮೂರು ನಾಲ್ಕು ವಾರ ಬೇಕು, ಆದ್ದರಿಂದ ತಿಂಗಳೊಳಗೆ ಮತ್ತೊಮ್ಮೆ ಹೊಸ ಜೆಲ್ ಇಡಲೇಬೇಕು. ಜೆಲ್ಲಿನಲ್ಲಿ ಬೆರೆಸುವ ಗ್ಲೂಕೋಸಿನ ಸಿಹಿಯನ್ನೇ ಒಲ್ಲದ ಜಿರಳೆಗಳು ಅಮೆರಿಕದಲ್ಲಿ ಇವೆಯೆಂದು 1993ರಲ್ಲೇ ಗೊತ್ತಾಗಿದೆ. ಒಂದು ಜೆಲ್ ಹಿಡಿಯದಿದ್ದರೆ ಬೇರೆ ಬಗೆಯ ಜೆಲ್ ತನ್ನಿ.

ಇದು ಬರೀ ಹೇಸಿಗೆಯ ಮಾತಲ್ಲ. ಜಿರಳೆಯ ಹಿಕ್ಕೆ, ಕಳಚಿದ ಪೊರೆ ಧೂಳಾಗಿ ಉಸಿರಿಗೆ ಸೇರುತ್ತವೆ. ಅಮೆರಿಕದ ನಗರಗಳ ಆಸ್ತಮಾ ಇರುವ ಮಕ್ಕಳ ಬಗ್ಗೆ 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಜಿರಳೆಯ ಅಲರ್ಜಿಯೂ ಇದ್ದು ಮನೆಯಲ್ಲಿ ಅದರ ಧೂಳೂ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಬಾರಿ ಆಸ್ಪತ್ರೆ ಸೇರಿದ್ದರು. ಕೆಳಗಿನ ಮನೆಯ ಹುಡುಗನಿಗೆ ರಾತ್ರಿ ಹೊತ್ತು ಉಬ್ಬಸ ಬರುತ್ತಿತ್ತು. ಆ ಮಾತನ್ನು ಸೊಸೈಟಿಯ ಸಭೆಯಲ್ಲಿ ಎತ್ತಿದ ಮೇಲೆಯೇ ಎಲ್ಲರೂ ಒಪ್ಪಿದ್ದು. "ವಹಿನಿ, ಏಕಾಚ್ ದಿವಶೀ ಕರೂಯಾ" (ಅತ್ತಿಗೆ, ಒಂದೇ ದಿನ ಮಾಡೋಣ) ಎಂದು ಅವನ ತಾಯಿಯೇ ದಿನ ಗೊತ್ತುಮಾಡಿದರು. ಒಂದೇ ಡಕ್ಟಿಗೆ ಸೇರಿದ ಮನೆಗಳೆಲ್ಲ ಒಂದೇ ದಿನ ಜೆಲ್ ಇಟ್ಟೆವು, ಸೋರುವ ಪೈಪುಗಳನ್ನೆಲ್ಲ ಸರಿಮಾಡಿಸಿದೆವು. ಜಿರಳೆ ಕಡಿಮೆಯಾದದ್ದು ಆಮೇಲೆ.

ಈಗಲೂ ತಿಂಗಳಿಗೊಮ್ಮೆ ಅಂಟಿನ ರಟ್ಟನ್ನು ಸಿಂಕಿನ ಕೆಳಗೆ ರಾತ್ರಿ ಇಟ್ಟು ನೋಡುತ್ತೇವೆ. ಅಸಂಗಿಗೆ ಹೊರಡುವಾಗ ಚೀಲಗಳನ್ನು ಬಿಸಿಲಿಗೆ ಹಾಕಿ ಕೊಡವಿಯೇ ಬಸ್ ಹತ್ತುವುದು, ಮಡಿಕೆಯಲ್ಲಿ ಕೂತ ಒಂದು ಬಸುರಿ ಜಿರಳೆ ಅತ್ತೆಯ ಅಡುಗೆಮನೆ ಸೇರಬಾರದೆಂದು. ನಿಮ್ಮ ಮನೆಯಲ್ಲಿ ಇವು ಕಂಡರೆ ಬೇಸಿಗೆಗೆ ಮುಂಚೆಯೇ ಕೈಹಾಕಿ, ಸೆಕೆಯಲ್ಲಿ ಇನ್ನೂ ಬೇಗ ಹೆಚ್ಚುತ್ತವೆ. ಅಂಗಡಿಗೆ ಹೋಗುವ ಮೊದಲು ಪ್ಲಂಬರನನ್ನು ಕರೆಸಿ, ಮೇಲಿನ ಮನೆಯವರ ಬಾಗಿಲನ್ನೂ ಕೆಳಗಿನ ಮನೆಯವರ ಬಾಗಿಲನ್ನೂ ತಟ್ಟಿ.