ಪದರಶಿಲೆಯಲ್ಲಿರುವ ಚಿನ್ನದ ವಯೋನಿರ್ಣಯ

ಗೋದಾಮಿನ ವಯಸ್ಸೇ ಅದರೊಳಗಿನ ಸರಕಿನ ವಯಸ್ಸಲ್ಲ. ಗಣಿಗೂ ಈ ಮಾತು ಅನ್ವಯಿಸುತ್ತದೆ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡ್‌ನಲ್ಲಿ 1886ರಲ್ಲಿ ಪತ್ತೆಯಾದ ಚಿನ್ನವು ಉರುಟುಕಲ್ಲುಗಳ ಪದರಶಿಲೆಯಲ್ಲಿದೆ. ಅದನ್ನು ನದಿಗಳು ಹೊತ್ತು ತಂದವೇ, ಇಲ್ಲವೇ ಶಿಲೆ ರೂಪುಗೊಂಡ ತರುವಾಯ ಭೂಗರ್ಭದ ಬಿಸಿ ದ್ರಾವಣಗಳು ತುಂಬಿದವೇ ಎಂಬುದು ದೀರ್ಘಕಾಲದ ವಿವಾದ.

ಚಿನ್ನದ ಕಣದಲ್ಲಿರುವ ರೀನಿಯಂ-187 ನಿಶ್ಚಿತ ಗತಿಯಲ್ಲಿ ಆಸ್ಮಿಯಂ-187 ಆಗಿ ಮಾರ್ಪಡುತ್ತದೆ. ಇವುಗಳ ಪ್ರಮಾಣವನ್ನು ಅಳೆದು, 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಚಿನ್ನದ ವಯಸ್ಸನ್ನು ಸುಮಾರು 303 ಕೋಟಿ ವರ್ಷವೆಂದು ನಿರ್ಧರಿಸಿತು. ಶಿಲೆಯ ವಯಸ್ಸಾದರೋ 276ರಿಂದ 289 ಕೋಟಿ ವರ್ಷ. ಚಿನ್ನವೇ ಹಿರಿಯದೆಂಬ ಈ ಫಲಿತಾಂಶವು ನದಿಯ ವಾದಕ್ಕೆ ಬಲ ನೀಡಿತು.

ಚಿನ್ನವು ಹಿರಿಯದಾದರೆ ಪ್ರಾಚೀನ ನದೀಪಾತ್ರಗಳನ್ನೂ, ಕಿರಿಯದಾದರೆ ಶಿಲೆಯ ಬಿರುಕುಗಳನ್ನೂ ಅನುಸರಿಸಿ ಕೊರೆಯಬೇಕಾಗುತ್ತದೆ. ಆದುದರಿಂದ ಗಣಿ ಉದ್ಯಮದಲ್ಲಿ ಬಂಡವಾಳ ಹೂಡುವವರು, ವರದಿಯಲ್ಲಿ ನಮೂದಿಸಿದ ವಯಸ್ಸು ಶಿಲೆಯದೋ ಚಿನ್ನದ್ದೋ ಎಂಬುದನ್ನು ಮೊದಲು ಪರಿಶೀಲಿಸುವುದು ಅವಶ್ಯ.