ಸೊಪ್ಪಿನ ಸಾರೂ ಮನಸ್ಸಿನ ಮಾತ್ರೆಯೂ

ಖಿನ್ನತೆ, ಅಂದರೆ ವಾರಗಟ್ಟಲೆ ಬಿಡದೆ ಕಾಡುವ ಬೇಸರ, ನಿರಾಸಕ್ತಿ, ನಿದ್ರೆ ಹಸಿವುಗಳ ಏರುಪೇರು, ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆಯಾದರೂ, ಊಟದಿಂದ ಮನಸ್ಸು ಹಗುರಾಗುತ್ತದೆಯೋ, ಮನಸ್ಸು ಹಗುರಾಗಿರುವವರೇ ಚೆನ್ನಾಗಿ ಉಣ್ಣುತ್ತಾರೆಯೋ ಎಂಬುದು ಅವುಗಳಿಂದ ಇತ್ಯರ್ಥವಾಗುವುದಿಲ್ಲ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ 67 ರೋಗಿಗಳ ಪೈಕಿ ಒಂದು ಗುಂಪಿಗೆ 12 ವಾರ ತರಕಾರಿ, ಹಣ್ಣು, ಕಾಳುಗಳ ಊಟವನ್ನು ರೂಢಿ ಮಾಡಿಸಿದಾಗ ಅವರಲ್ಲಿ ಶೇ 32ರಷ್ಟು ಜನ ಚೇತರಿಸಿಕೊಂಡರು, ಇನ್ನೊಂದು ಗುಂಪಿನಲ್ಲಿ ಶೇ 8. ಆದರೆ ಆ ರೋಗಿಗಳಲ್ಲಿ ಹೆಚ್ಚಿನವರು ಔಷಧಿಯನ್ನೋ ಆಪ್ತಸಮಾಲೋಚನೆಯನ್ನೋ ಪಡೆಯುತ್ತಲೇ ಇದ್ದರು.

ಕಾಮಗೆರೆ ಊರಿನವಳಾದ, ಈ ಬರಹದ ಲೇಖಕಿ ಕಡೆಗಣಿಸಿದ್ದು ಆ ಕೊನೆಯ ಮಾತನ್ನೇ. ಗಂಡ ತೀರಿಕೊಂಡ ಮೇಲೆ ಮಂಕಾಗಿದ್ದ ತಾಯಿಗೆ ವೈದ್ಯರು ಬರೆದ ಮಾತ್ರೆಯನ್ನು ಆಕೆ ಯಾರನ್ನೂ ಕೇಳದೆ ನಿಲ್ಲಿಸಿದಳು. "ಗಾಳಿ ಸೋಕೈತೆ, ಮಾತ್ರೆ ಯಾಕೆ" ಎಂದ ಸೋದರಮಾವನ ಪಾಲೂ ಇದರಲ್ಲಿದೆ, ಆದರೆ ಊಟವೇ ಮದ್ದೆಂಬ ಹಟ ಆಕೆಯದೇ. ನಾಲ್ಕೇ ದಿನಕ್ಕೆ ತಾಯಿಗೆ ತಲೆಸುತ್ತು, ನಿದ್ರೆಗೇಡು, ತಳಮಳ ಶುರುವಾದವು. ಇಂಥ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಹೀಗಾಗಬಹುದೆಂಬ ಅರಿವು ಮನೆಯಲ್ಲಿ ಯಾರಿಗೂ ಇರಲಿಲ್ಲ. ಒಂದು ರಾತ್ರಿ ಒಲೆಯ ಪಕ್ಕ ಗೋಡೆಗೊರಗಿ ಕೂತಿದ್ದ ತಾಯಿಯ ಮುಂದೆ ಮಗಳು ಪರಂಗಿ ಹಣ್ಣಿನ ಹೋಳುಗಳ ತಟ್ಟೆಯಿಟ್ಟು, ಮೊದಲು ಓಲೈಸಿ, ಆಮೇಲೆ ಗದರಿದಳು. "ಬ್ಯಾಡ ಕನ್ ಮಗ, ಬಾಯ್ಗೆ ಯಾವ್ದೂ ರುಚಿನೇ ಇಲ್ಲ" ಎಂದವರು ಕೊನೆಗೆ ಒಂದೊಂದೇ ಹೋಳನ್ನು ಬಾಯಿಗಿಟ್ಟುಕೊಂಡರು. ತಟ್ಟೆ ಬರಿದಾದದ್ದನ್ನು ಕಂಡು ಮಗಳು ಗೆದ್ದೆನೆಂದು ಮಲಗಿದಳು. ಬೆಳಗ್ಗೆ ಸೀರೆ ಒಗೆಯಲು ತೆಗೆದುಕೊಂಡಾಗ ಸೆರಗಿನಲ್ಲಿ ಗಂಟೊಂದು ಸಿಕ್ಕಿತು: ನುಂಗಲಾರದೆ ಉಗುಳಿದ ಅಷ್ಟೂ ಹಣ್ಣನ್ನು, ಮಗಳು ನೊಂದಾಳೆಂದು, ತಾಯಿ ಕಟ್ಟಿಟ್ಟುಕೊಂಡಿದ್ದರು.

ಅಂದೇ ಆಸ್ಪತ್ರೆಗೆ ಹೋದರು, ಮಾತ್ರೆ ಮತ್ತೆ ಆರಂಭವಾಯಿತು, ಕೆಲವು ವಾರಗಳಲ್ಲಿ ನಾಲಿಗೆಗೆ ರುಚಿಯೂ ಮರಳಿತು. ಊಟ ನೆರವಾದದ್ದು ಆಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಮಾರ್ಗಸೂಚಿ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎನ್ನುತ್ತದೆ; ಕೂಲಿಯ ಮನೆಗೆ ಅದು ಭಾರವಾದರೆ ಹೊಲದ ಬದುವಿನಲ್ಲಿ ಸಿಗುವ ಬೆರಕೆ ಸೊಪ್ಪಿನಿಂದ ಶುರುಮಾಡಬಹುದು. ಸೊಪ್ಪಿನಲ್ಲಿರುವ ಫೋಲೇಟ್, ಅಂದರೆ ಮಿದುಳಿಗೂ ಬೇಕಾದ ಬಿ ಗುಂಪಿನ ಜೀವಸತ್ವ, ಬೇಯಿಸಿದ ನೀರಿಗೆ ಇಳಿಯುವುದರಿಂದ, ಬಸಿದ ಕಟ್ಟನ್ನೂ ಉಣ್ಣುವ ಉಪ್ಸಾರು ಒಳ್ಳೆಯ ಅಡುಗೆ. ಬಿ12 ಮಾತ್ರ ಸೊಪ್ಪಿನಲ್ಲಿ ಸಿಗದು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈಗ ಆ ತಾಯಿ ಬೆಳಗ್ಗೆ ಮಾತ್ರೆ ನುಂಗಿ, ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಹೊನಗೊನ್ನೆ ಕುಯ್ಯುತ್ತಾರೆ, ಮಗಳು ಕಳೆಯನ್ನೂ ಸೇರಿಸಿ ಕಿತ್ತರೆ ಗದರುತ್ತಾರೆ.