ಹಳೆಯ ಜೀಪಿಗೆ ಟ್ರೈಲರ್ ಕೊಂಡಿ: ಆಯ್ಕೆ ಮತ್ತು ಜೋಡಣೆ

ಕೊಯ್ಲಿನ ದಿನಗಳು ಸಮೀಪಿಸುತ್ತಿದ್ದಂತೆ, ತೋಟದ ಹಳೆಯ ಜೀಪಿನ ಹಿಂದೆ ಒಂದು ಸಣ್ಣ ಟ್ರೈಲರ್ ಇದ್ದಿದ್ದರೆ ಎಂಬ ಯೋಚನೆ ಸಣ್ಣ ಬೆಳೆಗಾರರಿಗೆ ಬರುವುದು ಸಹಜ. ಕಣದಿಂದ ಕ್ಯೂರಿಂಗ್ ವರ್ಕ್ಸಿಗೆ ಚೆರಿ, ಮನೆಯಿಂದ ಮಂಡಿಗೆ ಅಡಿಕೆ, ಬರುವಾಗ ಗೊಬ್ಬರ, ಮೈಲುತುತ್ತ; ಪ್ರತಿ ಸಲವೂ ಬಾಡಿಗೆ ವಾಹನ ಕರೆಸುವ ಖರ್ಚು ಉಳಿದೀತು. ಜೀಪು ಇಷ್ಟನ್ನು ಎಳೆದೀತೇ ಎಂದು ಎಲ್ಲರೂ ಕೇಳುತ್ತಾರೆ. ಎಳೆಯುತ್ತದೆ. ಇಳಿಜಾರಿನಲ್ಲಿ ನಿಲ್ಲಿಸೀತೇ, ಕೊಂಡಿ ಕೂತಿರುವ ಕಬ್ಬಿಣ ತಡೆದೀತೇ ಎಂದು ಕೇಳುವವರು ಕಡಿಮೆ. ನಾವು ಇಲ್ಲಿ ಮುಖ್ಯವಾಗಿ ವಿಚಾರ ಮಾಡುವುದು ಇವೆರಡನ್ನೇ.

ಮೊದಲು ತೂಕದ ಲೆಕ್ಕ. ಸಣ್ಣ ಟ್ರೈಲರುಗಳಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲ. ಅದನ್ನು ನಿಲ್ಲಿಸುವ ಹೊರೆಯೆಲ್ಲ ಜೀಪಿನ ಬ್ರೇಕಿನದೇ. ಬ್ರಿಟನ್ನಿನಲ್ಲಿ ಬ್ರೇಕ್ ಇಲ್ಲದ ಟ್ರೈಲರು ಸರಕು ಸೇರಿ 750 ಕೆ.ಜಿ.ಯನ್ನಾಗಲಿ, ಎಳೆಯುವ ವಾಹನದ ತೂಕದ ಅರ್ಧವನ್ನಾಗಲಿ, ಯಾವುದು ಕಡಿಮೆಯೋ ಅದನ್ನು ಮೀರಕೂಡದೆಂದು ನಿಯಮವಿದೆ. ನಮಗೂ ಇದು ಒಳ್ಳೆಯ ಅಳತೆಗೋಲು. ಆರ್.ಸಿ. ಪುಸ್ತಕದಲ್ಲಿ ಜೀಪಿನ ಖಾಲಿ ತೂಕ 1,200 ಕೆ.ಜಿ. ಎಂದಿದ್ದರೆ ಟ್ರೈಲರಿನ ಒಟ್ಟು ತೂಕ 600 ಕೆ.ಜಿ. ದಾಟಬಾರದು. ಟ್ರೈಲರಿನ ಸ್ವಂತ ತೂಕ 250 ಕೆ.ಜಿ. ಎಂದಾದರೆ ಉಳಿಯುವುದು 350. ಅಂದರೆ 50 ಕೆ.ಜಿ.ಯ ಏಳೇ ಏಳು ಚೀಲ. ಹದಿನೈದು ಚೀಲ ಹಿಡಿಯುವಷ್ಟು ಜಾಗವಿದೆಯೆಂದು ಹದಿನೈದನ್ನೂ ಹೇರುವುದು ಅಪಾಯವನ್ನು ಬಾಡಿಗೆಗೆ ತಂದಂತೆ.

ಘಟ್ಟದ ದಾರಿಯವರು ಇನ್ನೂ ಕಡಿಮೆ ಹೇರುವುದು ಲೇಸು. ಹತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ 600 ಕೆ.ಜಿ.ಯ ಟ್ರೈಲರು ಸುಮಾರು 60 ಕೆ.ಜಿ. ಬಲದಿಂದ ಜೀಪನ್ನು ಹಿಂದಿನಿಂದ ನೂಕುತ್ತಲೇ ಇರುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆ ನೂಕು ಜೀಪಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿ, ಜೀಪು ಮತ್ತು ಟ್ರೈಲರು ಚಾಕು ಮಡಚಿದಂತೆ ಮಡಚಿಕೊಳ್ಳಬಹುದು. ಹಳೆಯ ಡ್ರಮ್ ಬ್ರೇಕುಗಳು ಸತತ ಒತ್ತಿದರೆ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದ್ದರಿಂದ ಇಳಿಜಾರು ಶುರುವಾಗುವ ಮುಂಚೆಯೇ ಕೆಳ ಗೇರಿಗೆ ಬರಬೇಕು. ಕೊಂಡಿಗೆ ಹಣ ತೆಗೆದಿಡುವ ಮೊದಲು ಬ್ರೇಕ್ ಲೈನರು, ವೀಲ್ ಸಿಲಿಂಡರುಗಳಿಗೆ ತೆಗೆದಿಡಿ.

ಇನ್ನು ಕೊಂಡಿಯನ್ನು ಎಲ್ಲಿಗೆ ಕೂರಿಸಬೇಕು? ಜೀಪು, ಜಿಪ್ಸಿಗಳಿಗೆ ಪ್ರತ್ಯೇಕ ಚಾಸಿ ಇದೆ. ಅಂಬಾಸಿಡರ್, ಪದ್ಮಿನಿಗಳಿಗೆ ಅದಿಲ್ಲ, ಬಾಡಿಯ ತಗಡೇ ಚಾಸಿಯ ಕೆಲಸ ಮಾಡುತ್ತದೆ. ಅಂಥ ಕಾರಿಗೆ ಕೊಂಡಿಯ ಎಳೆತ ತಗಡಿನ ಅಗಲ ಭಾಗಕ್ಕೆ ಹರಡುವಂತೆ ಒಳಗಡೆ 5-6 ಮಿ.ಮೀ. ದಪ್ಪದ ಪಟ್ಟಿ ಕೊಡಬೇಕಾಗುತ್ತದೆ. ಹಳೆಯ ತಗಡಾದರೆ ನಮ್ಮ ಸಲಹೆ, ಆ ಗೊಡವೆಗೇ ಹೋಗಬೇಡಿ. ಬಂಪರಿಗೆ ಕೊಂಡಿ ಬಿಗಿಯುವುದಂತೂ ಯಾವ ವಾಹನಕ್ಕೂ ಸಲ್ಲದು.

ಜೀಪಾದರೂ ಮಲೆನಾಡಿನ ಮಳೆ ಚಾಸಿಯನ್ನು ಬಿಟ್ಟಿರುವುದಿಲ್ಲ. ಹಿಂದಿನ ಅಡ್ಡಪಟ್ಟಿಯಲ್ಲಿ ಕೆಸರು ಕೂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ, ಸತ್ತ ಕಬ್ಬಿಣ ಮಂಕಾಗಿ ಸದ್ದು ಮಾಡುತ್ತದೆ. ಸ್ಕ್ರೂ ಡ್ರೈವರಿನ ತುದಿ ಒಳಗೆ ಇಳಿದರೆ ಮೊದಲು ಅಡ್ಡಪಟ್ಟಿ ಬದಲಾಗಬೇಕು.

ಕೊಂಡಿಯ ತಟ್ಟೆಯನ್ನು ಅಡ್ಡಪಟ್ಟಿಯೊಂದಕ್ಕೇ ನೇತುಹಾಕದೆ, ಅಲ್ಲಿಂದ ಎರಡು ಆಧಾರಪಟ್ಟಿಗಳನ್ನು ಚಾಸಿಯ ಎಡಬಲದ ತೊಲೆಗಳಿಗೆ ಕೊಡಿಸಿ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತು ಇರಲಿ. ಗುರುತಿಲ್ಲದ ಅಗ್ಗದ ಬೋಲ್ಟು ಗೇಟಿನ ಕೆಲಸಕ್ಕೆ ಸರಿ. 12 ಮಿ.ಮೀ. ಬೋಲ್ಟಾದರೆ ಸುಮಾರು 8 ಕೆ.ಜಿ. ಮೀಟರ್ ಬಿಗಿತ ಸಾಕು. ಟೊಳ್ಳು ತೊಲೆಯ ಮೂಲಕ ಬೋಲ್ಟು ಹಾಯಿಸುವಲ್ಲಿ ಒಳಗೊಂದು ಕೊಳವೆತುಂಡು ಇಡದಿದ್ದರೆ ಬಿಗಿದಷ್ಟೂ ತೊಲೆ ಅಪ್ಪಚ್ಚಿಯಾಗುತ್ತದೆ. ತೂತು ಕೊರೆದ ಜಾಗಕ್ಕೆಲ್ಲ ರೆಡ್ ಆಕ್ಸೈಡ್ ಬಳಿಯಿರಿ. ನೇರವಾಗಿ ಚಾಸಿಗೆ ವೆಲ್ಡಿಂಗ್ ಮಾಡಿಸುವುದು ನಮಗೆ ಒಪ್ಪಿಗೆಯಿಲ್ಲ: ಕಾದ ಕಬ್ಬಿಣ ಅಂಚಿನಲ್ಲಿ ಬಿರುಕು ಬಿಡುತ್ತದೆ, ಎಣ್ಣೆ ಟ್ಯಾಂಕ್ ಬೇರೆ ಹತ್ತಿರವಿರುತ್ತದೆ.

ಕೊಂಡಿಯಲ್ಲಿ ಗುಂಡಿನದು, ಬಳೆ ಮತ್ತು ದವಡೆಯದು ಎಂದು ಎರಡು ಬಗೆ. ಟಾರು ರಸ್ತೆಗೆ ಗುಂಡು ಸದ್ದಿಲ್ಲದೆ ಓಡುತ್ತದೆ. ತೋಟದ ಹಳ್ಳದಿಣ್ಣೆಗೆ ಬಳೆಯೇ ಮೇಲು, ಟ್ರೈಲರು ಎತ್ತ ವಾಲಿದರೂ ಕೊಂಡಿ ತಿರುಚಿಕೊಳ್ಳುವುದಿಲ್ಲ. ಗುಂಡು ಕೊಳ್ಳುವಾಗ ಅಳತೆ ಹೊಂದಿಸಿ. 50 ಮಿ.ಮೀ. ಗುಂಡಿನ ಮೇಲೆ ಎರಡು ಇಂಚಿನ ಬಟ್ಟಲು ಕೂರುತ್ತದೆ, ಆದರೆ 0.8 ಮಿ.ಮೀ. ಸಡಿಲವಿರುತ್ತದೆ. ಯಾವ ಬಗೆಯಾದರೂ ಪಕ್ಕದಲ್ಲಿ ಎರಡು ಸರಪಳಿ ಇರಬೇಕು. ಕೊಂಡಿ ಕಳಚಿದರೆ ಮೂತಿ ನೆಲಕ್ಕೆ ಬೀಳದಂತೆ ಅವನ್ನು ಕೆಳಗಡೆ ಅಡ್ಡಡ್ಡ ಹಾಯಿಸಿ.

ಹೇರುವಾಗ ಭಾರ ಅಚ್ಚಿಗಿಂತ ತುಸು ಮುಂದಿರಲಿ. ಮೂತಿಯ ಮೇಲೆ ಒಟ್ಟು ತೂಕದ ನೂರಕ್ಕೆ 5ರಿಂದ 10ರಷ್ಟು ಬೀಳಬೇಕು. ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿಯಿಂದಲೇ ಮೂತಿಯನ್ನು ಎತ್ತಿ ನೋಡಬಹುದು. ಹಿಂದೆ ಭಾರವಾದರೆ ಟ್ರೈಲರು ಹಾವಿನಂತೆ ಓಲಾಡುತ್ತದೆ.

ದೀಪಗಳಿಗೆ ಏಳು ಪಿನ್ನಿನ ಸಾಕೆಟ್ ಹಾಕಿಸಿ, ಅರ್ತಿಗೆ ಬೇರೆಯೇ ತಂತಿ ಎಳೆಸಿ. ಗ್ರೀಸ್ ಹಚ್ಚಿದ ಕೊಂಡಿಯನ್ನು ಅರ್ತ್ ಎಂದು ನಂಬಬೇಡಿ. ಹಳೆಯ ಫ್ಲಾಷರು ಹೆಚ್ಚಿನ ಬಲ್ಬುಗಳನ್ನು ತಾಳಲಾರದು, ಅದನ್ನೂ ಬದಲಿಸಿ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರೂ ವಾಹನವೇ. ಸಾರ್ವಜನಿಕ ರಸ್ತೆಗೆ ಇಳಿಸಲು ಅದಕ್ಕೆ ನೋಂದಣಿ ಬೇಕು. ವಾಹನದ ಮಾರ್ಪಾಡಿನ ಬಗ್ಗೆ ಅದೇ ಕಾಯ್ದೆಯ 52ನೇ ಕಲಮಿದೆ. ಕೊರೆಯಲು ಕೊಡುವ ಮುಂಚೆಯೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ಲಿಖಿತವಾಗಿ ತಿಳಿಸಿ.

ಜೋಡಣೆಯಾದ ಮೇಲೆ ಖಾಲಿ ಟ್ರೈಲರಿನೊಂದಿಗೆ ತೋಟದೊಳಗೆ ಓಡಿಸಿ ನೋಡಿ. ಮೊದಲ 50 ಮೈಲಿ ಮುಗಿದೊಡನೆ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿಯಿರಿ, ಆಮೇಲೆ ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಕೂಡಲೇ ಸುತ್ತಿಗೆ ಹಿಡಿದು ಅಡಿಗೆ ನುಗ್ಗಿ.